ಟಣ್

ಹಾರವಾಡದಿಂದ ಕಾರವಾರದ ಕಡೆಗೆ
ದಿನಕ್ಕೆ ಆರು ಕಿಲೋಮೀಟರು ನನ್ನದು.
ಹೋಗುವಾಗ ಎಡಗಂಬಿ,
ಬರುವಾಗ ಬಲಗಂಬಿ.
ಹೆಗಲಿಗೆ ಸುತ್ತಿಗೆ, ಪಾನಾ, ಕೆಂಪು ಬಾವುಟ, ಹಸಿರು ಬಾವುಟ,
ಮತ್ತೆ ಸುಲಭಾ ಕಟ್ಟಿಕೊಟ್ಟ ಅವಲಕ್ಕಿ.

ಕ್ಲಿಪ್ಪಿಗೆ ಒಂದು ಪೆಟ್ಟು.
ಬಿಗಿಯಿದ್ದರೆ ಟಣ್ ಅನ್ನುತ್ತದೆ,
ಸಡಿಲಿದ್ದರೆ ಟಪ್.
ಇಷ್ಟೇ ನನ್ನ ವಿದ್ಯೆ.
ಹತ್ತೊಂಬತ್ತು ವರ್ಷದಲ್ಲಿ ಕಿವಿ
ಇದರಾಚೆ ಏನನ್ನೂ ಕಲಿಯಲಿಲ್ಲ.

ಹೋದ ತಿಂಗಳು ಟ್ರೇನಿಂಗು.
ಫ್ಯಾನಿನ ಕೆಳಗೆ ನಲವತ್ತು ಜನ, ಕಿತ್ತಳೆ ಅಂಗಿಯವರು.
ಹೊರಗಿನಿಂದ ಬಂದ ಮೇಡಂ
ಒಬ್ಬೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟರು.
ನೋಡಿ, ಅಂದರು. ಮೂಸಿ. ಕಿವಿಯ ಹತ್ತಿರ ಹಿಡಿಯಿರಿ.
ಈಗ ನಾಲಿಗೆಯ ಮೇಲೆ. ಅಗಿಯಬೇಡಿ.
ಈ ಕ್ಷಣದಲ್ಲಿ ಇರಿ.
ನಮ್ಮ ಹಮ್ಮಣ್ಣ ಅಷ್ಟರಲ್ಲಾಗಲೇ ನುಂಗಿದ್ದ;
ಇನ್ನೊಂದು ಸಿಗುತ್ತದೋ ಎಂದು ಕೈ ಎತ್ತಿದ.

ನಗಲಿಲ್ಲ ಎಂದರೆ ಸುಳ್ಳು.
ಒಳಗೊಂದು ಜಂಬವೂ ಇತ್ತು: ಇದನ್ನು ನನಗೆ ಹೇಳಿಕೊಡಬೇಕೆ?
ಸುರಂಗದೊಳಗೆ ಕಾಲಿಟ್ಟವನಿಗೆ
ನಿನ್ನೆ ಯಾವುದು, ನಾಳೆ ಯಾವುದು.
ಅಡಿಯಲ್ಲಿ ಜಲ್ಲಿ, ಗೋಡೆಯಿಂದ ತೊಟ್ಟಿಕ್ಕುವ ನೀರು,
ಕಂಬಿಯಲ್ಲಿ ಹುಟ್ಟುವ ಸಣ್ಣ ನಡುಕ,
ಮಡಗಾವಿನ ಗಾಡಿ, ಇನ್ನೂ ದೂರ,
ಗೂಡು ಹುಡುಕಿ ಬೆನ್ನೊತ್ತಿ ನಿಲ್ಲಬೇಕು.
ಅಲ್ಲಿ ಮನಸ್ಸನ್ನು ಅಲೆಯಲು ಬಿಟ್ಟವನ ಫೋಟೋ
ಗ್ಯಾಂಗಿನ ಕೋಣೆಯಲ್ಲಿದೆ,
ಪ್ಲಾಸ್ಟಿಕ್ ಹಾರದೊಂದಿಗೆ.

ಆ ರಾತ್ರಿ ಊಟಕ್ಕೆ ತಾರ್ಲೆ.
ಸಣ್ಣ ಮುಳ್ಳಿನ ಮೀನು; ನಮ್ಮ ಅಜ್ಜಿ
ತಾರ್ಲೆ ತಿನ್ನುವಾಗ ಮಾತಾಡಿದರೆ ಬೆನ್ನಿಗೆ ಗುದ್ದುತ್ತಿದ್ದಳು.
ನಾನೀಗ ಅದನ್ನೂ ಮೀರಿದ್ದೇನೆ.
ಬಲಗೈ ತನ್ನಷ್ಟಕ್ಕೆ ಮುಳ್ಳು ಬಿಡಿಸುತ್ತದೆ,
ಎಡಗೈ ಮೊಬೈಲನ್ನು ಮೇಲಕ್ಕೆ ದೂಡುತ್ತದೆ:
ಯಾರದೋ ಮದುವೆ, ಯಾರದೋ ಬೈಕು, ಎಲ್ಲೋ ಬಿದ್ದ ಸೇತುವೆ.

ಸುಲಭಾ ಏನೋ ಹೇಳಿದಳು.
ಹೂಂ, ಅಂದೆ.
ಮತ್ತೇನೋ ಹೇಳಿದಳು.
ಹೂಂ.
"ನಾ ಎಂತ ಹೇಳ್ದೆ, ಹೇಳಿ ನೋಡ್ವಾ."
ಸಿಲಿಂಡರು ಖಾಲಿ, ಅಂದೆ, ಅಂದಾಜಿಗೆ.
"ಹೌದು, ಅದೇ," ಅಂದಳು.

ಟಪ್.

ಆ ಎರಡು ಶಬ್ದ ಬಿದ್ದ ರೀತಿ
ನನಗೆ ಗೊತ್ತಿದ್ದ ರೀತಿ.
ಕಂಬಿಯ ಮೇಲಾಗಿದ್ದರೆ ಅಲ್ಲೇ ನಿಂತು
ಬಾವುಟ ನೆಟ್ಟು, ಮೊಣಕಾಲೂರಿ,
ಯಾವ ಕ್ಲಿಪ್ಪೆಂದು ಹುಡುಕದೆ ಮುಂದೆ ಹೋಗುತ್ತಿರಲಿಲ್ಲ.

ಮೊಬೈಲು ಮಗುಚಿಟ್ಟೆ.
ಅವಳು ಅನ್ನ ಬಡಿಸುವುದನ್ನು ನೋಡಿದೆ,
ಆ ಒಣದ್ರಾಕ್ಷಿಯನ್ನು ನೋಡಿದ ಹಾಗೆ,
ಬೇಕಂತಲೇ, ಸ್ವಲ್ಪ ನಾಚುತ್ತ.
ಬೆರಳಿನ ಮೇಲೆ ಈಳಿಗೆ ತಾಗಿದ ಗೆರೆ.
ತಲೆಯಲ್ಲಿ ಅಬ್ಬಲಿಗೆ, ಬೆಳಗಿನದು.
ಪಕ್ಕದ ಮನೆಯ ಕುಕ್ಕರ್ ಕೂಗಿದಾಗ
ತಲೆ ಹೊರಳಿಸಿದಳು, ಬಲಗಿವಿ ಮುಂದಾಗುವಂತೆ.
ಇನ್ನೊಂದು ಕೂಗಿಗೆ ಇನ್ನೊಮ್ಮೆ.

ಎಷ್ಟು ದಿನದಿಂದ ಹೀಗೆ, ಕೇಳಿದೆ.
"ಗಣಪತಿ ಹಬ್ಬದಿಂದ," ಅಂದಳು.
"ಎಡಗಿವಿ. ಮೂರು ಸಲ ಹೇಳ್ದೆ."

ಕಿಲೋಮೀಟರು ಆಚೆಯ ಗಾಡಿಯನ್ನು
ಕಬ್ಬಿಣದಲ್ಲಿ ಕೇಳುವ ಕಿವಿ ನನ್ನದು.

ಕಾರವಾರದ ಆಸ್ಪತ್ರೆಗೆ ಹೋಗಿಬಂದೆವು.
ಹನಿಮದ್ದು ಕೊಟ್ಟಿದ್ದಾರೆ, ನೋಡುವ ಅಂದಿದ್ದಾರೆ.
ಮೂರು ದಿನ ನಾನು ಬಹಳ ಒಳ್ಳೆಯವನಾಗಿದ್ದೆ.
ನಾಲ್ಕನೆಯ ದಿನ ಎಡಗೈ ಮತ್ತೆ ಮೊಬೈಲು ತಡಕಿತು.
ಬಿಗಿದ ಕ್ಲಿಪ್ಪು ಬಿಗಿದೇ ಇರುವುದಿಲ್ಲ;
ಮೇಲೆ ಗಾಡಿ ಓಡುತ್ತದೆ,
ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ.
ಅದಕ್ಕೇ ತಾನೆ ದಿನಾ ನಡೆಯುವುದು,
ಅದಕ್ಕೇ ತಾನೆ ಸಂಬಳ.

ಈಗ ಊಟದ ಹೊತ್ತಿಗೆ
ತಾಟು ಎತ್ತಿಕೊಂಡು ಅವಳ ಬಲಕ್ಕೆ ಹೋಗಿ ಕೂರುತ್ತೇನೆ.
ಅಲ್ಲಿಂದ ಕಿಟಕಿ ಕಾಣುತ್ತದೆ,
ಕಿಟಕಿಯಲ್ಲಿ ಒಂದು ತುಂಡು ಸಮುದ್ರ.
ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ಉಂಡಿದ್ದೆ.

"ಉಪ್ಪು ಸಮಾ ಉಂಟಾ?" ಕೇಳುತ್ತಾಳೆ.
ತಡೆ, ಅನ್ನುತ್ತೇನೆ.
ಬಾಯಲ್ಲಿದ್ದುದನ್ನು ಇನ್ನೊಮ್ಮೆ ಅಗಿಯುತ್ತೇನೆ.