ಮೂತಿಭಾರ

ಗುತ್ತಲು ರಸ್ತೆಯ ನನ್ನ ಶೆಡ್ಡಿಗೆ ಬರೋದೆಲ್ಲ ಕಬ್ಬಿನ ಗಾಡಿ:
ಹುಕ್ಕು ಸವೆದದ್ದು, ಆಕ್ಸಲ್ ಬಗ್ಗಿದ್ದು,
ತರಗು ಸುತ್ತಿಕೊಂಡು ಚಕ್ರದ ಗುಂಡಿಗೆ ಕಾದು ಕೆಂಪಾದದ್ದು.

ಸೋಮವಾರ ಬಂದದ್ದು ಬೇರೆ.
ಮುಂದೆ ಬಿಳಿ ಪಿಕಪ್ಪು, ಹಿಂದೆ ಲಾರಿಯ ಬೆನ್ನೇರಿ ಕೂತ
ಎರಡು ಗಾಲಿಯ ಪುಟ್ಟ ಮನೆ.
ಕಿಟಕಿಗೆ ಹೂವಿನ ಪರದೆ, ಒಳಗೆ ಹಾಸಿಗೆ, ಒಲೆ, ಹುಗ್ಗಿ ಬೇಯಿಸೋ ಕುಕ್ಕರು.
ಇಳಿದವರು ಬೋಜಮ್ಮ ಮೇಡಂ,
ಪಿ.ಟಿ. ಟೀಚರಾಗಿ ರಿಟೈರಾದವರು, ಕೊರಳಲ್ಲಿನ್ನೂ ಸೀಟಿ.

“ಇದು ಅದನ್ನೆಳೀಬೇಕು. ಸಂಪಾಜೆ ಘಾಟಿ ಹತ್ತಬೇಕು, ಇಳೀಬೇಕು.”
ಹತ್ತೋದಕ್ಕೆ ಇಂಜಿನ್ ಸಾಕು ಮೇಡಂ, ಇಳಿಯೋದೇ ಕಷ್ಟ, ಅಂದೆ.
“ಹಗ್ಗ ಹತ್ತೋ ಮಕ್ಕಳೂ ಹಂಗೇ,” ನಕ್ಕರು,
“ಇಳಿಯುವಾಗಲೇ ಅಂಗೈ ಸುಟ್ಕೊಳ್ಳೋದು.”

ಹಿಂದಿನ ಪಾಟಾ ಬಿಚ್ಚಿ ಒಂದು ಪಟ್ಟಿ ಜಾಸ್ತಿ ಸೇರಿಸಿದೆ.
ಗೇರಾಯಿಲ್ಲು ಕಪ್ಪು ಬೆಲ್ಲದ ಪಾಕ, ಬಸಿದು ಹೊಸದು ಹುಯ್ದೆ.
ರೇಡಿಯೇಟರಿನ ಮುಂದೆ ಇನ್ನೊಂದು ಫ್ಯಾನು.
ಬ್ರೇಕಿನ ಲೈನರು ನಾಲ್ಕೂ ಹೊಸವು,
ಮನೆಗೂ ಅದರದ್ದೇ ಬ್ರೇಕು, ಅದಕ್ಕೊಂದು ವೈರು.
ಚಾಸಿಗೆ ದಪ್ಪ ಕೋನದ ಕಬ್ಬಿಣ, ಅದರ ತುದಿಗೆ
ಪುಟ್ಟ ಮುದ್ದೆಯಷ್ಟು ಉಕ್ಕಿನ ಉಂಡೆ.
ಮುದ್ದೆಗೆ ಸಾರು, ಇದಕ್ಕೆ ಗ್ರೀಸು,
ಒಣಗಲು ಬಿಟ್ಟರೆ ಎರಡೂ ಗಂಟಲಲ್ಲಿ ಸಿಕ್ಕೊಳ್ತವೆ.

ಆಲೆಮನೆಯ ಕರಿಸಿದ್ದನ ತಕ್ಕಡಿ ತರಿಸಿ
ಮನೆಯ ಮೂತಿ ತೂಗಿದೆ. ಹದಿನೆಂಟು ಕೇಜಿ.
ಒಟ್ಟು ಏಳುನೂರು ಇದ್ದರೆ ಮೂತಿ ಎಪ್ಪತ್ತಾದರೂ ಇರಬೇಕು.
“ಹಗುರಿದ್ರೆ ಒಳ್ಳೇದಲ್ವೇನಪ್ಪ?”
ಮಾತಲ್ಲಿ ಹೇಳಿದರೆ ನಂಬುವವರಲ್ಲ.
ನಾಲೆ ಏರಿ ಮೇಲೆ ಓಡಿಸಿ ತೋರಿಸಿದೆ.
ನಲವತ್ತರವರೆಗೆ ಸಾಧು. ಐವತ್ತಕ್ಕೆ
ಹಿಂದಿನ ಮನೆ ಬಾಲ ಆಡಿಸಿತು, ಮುಂದಿನ ಗಾಡಿಯ ಸೊಂಟ ಹಿಡಿದು ಕುಲುಕಿತು,
ಎಡಕ್ಕೆ ನೀರು, ಬಲಕ್ಕೆ ಗದ್ದೆ,
ಮೇಡಂ ಉಸಿರು ಬಿಡದೆ ಸೀಟಿ ಊದಿದರು.

ವಾಪಸು ಬಂದು ನೀರಿನ ಡ್ರಮ್ಮು, ಒಲೆ, ಕುಕ್ಕರು ಎಲ್ಲ ಮುಂದಕ್ಕೆ ತಳ್ಳಿದೆವು.
ಅರವತ್ತೆಂಟು. ಮೇಡಂ ತಮ್ಮ ಕಬ್ಬಿಣದ ಟ್ರಂಕನ್ನೂ ಮುಂದಿಟ್ಟರು. ಎಪ್ಪತ್ತಮೂರು.
ಟ್ರಂಕಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಸರಪಳಿ ಎರಡು, ಕತ್ತರಿ ಹಾಕಿ ಕಟ್ಟಿದೆ.
ಒಂದೇ ಸಾಕಲ್ವಾ ಅಂದರು.
ಹನ್ನೊಂದು ವರ್ಷದ ಹಿಂದೆ ಒಂದೂ ಇರಲಿಲ್ಲ.
ಫ್ಯಾಕ್ಟರಿ ಇಳಿಜಾರಲ್ಲಿ ನಾನು ಬಡಿದ ಪಿನ್ನೇ ಉದುರಿ
ಹತ್ತು ಟನ್ ಕಬ್ಬು ತನ್ನಿಷ್ಟಕ್ಕೆ ನಡೆದುಬಿಡ್ತು.
ಒಂದು ಸೈಕಲ್ಲು ರಸ್ತೆಗೆ ಅಂಟಿದ ಚಿತ್ರ ಆಯಿತು.
ಸೈಕಲ್ಲಿನವನು ಬೀಡಿ ಹಚ್ಚೋಕೆ ಇಳಿದು ಮರದ ಮರೆಗೆ ಹೋಗಿದ್ದ.
ಆ ಬೀಡಿಯ ಋಣ ಇನ್ನೂ ತೀರಿಲ್ಲ.
ಇದನ್ನು ಮೇಡಮ್ಮಿಗೆ ಹೇಳಲಿಲ್ಲ.
ಎರಡೇ ಬೇಕು, ಅಂದೆ.

ಒಪ್ಪಿಸುವ ದಿನ ಮಧ್ಯಾಹ್ನ, ಒಳಗಿನ ದೀಪ ನೋಡಲು ಹತ್ತಿದವನು
ಬೆನ್ನು ನೋವೆಂದು ಒಂದು ಗಳಿಗೆ ಹಾಸಿಗೆಗೊರಗಿದೆ.
ಮೂವತ್ತು ವರ್ಷ ಟ್ರೈಲರಿನ ಕೆಳಗೆ ಮಲಗಿದ್ದೇನೆ,
ಕಣ್ಣಿಗೆ ತುಕ್ಕು ಬೀಳಿಸಿಕೊಂಡು, ಬಾಯಲ್ಲಿ ನಟ್ಟು ಕಚ್ಚಿಕೊಂಡು.
ಮೇಲೆ ಮಲಗಿದ್ದು ಇದೇ ಮೊದಲು.
ಹೂವಿನ ಪರದೆಯ ಸಂದಿಯಲ್ಲಿ
ಫ್ಯಾಕ್ಟರಿಗೆ ಸಾಲು ನಿಂತ ಕಬ್ಬಿನ ಗಾಡಿಗಳು,
ಒಂದೊಂದರ ಹುಕ್ಕೂ ನನಗೆ ಗೊತ್ತು,
ಯಾವುದು ನನ್ನ ಕೈಯದು, ಯಾವುದು ಕೆಟ್ಟದ್ದು.
ನಿದ್ದೆ ಯಾವಾಗ ಹತ್ತಿತೋ.

ಸೀಟಿ.
ಬಾಗಿಲಲ್ಲಿ ಮೇಡಂ, ಸೊಂಟದ ಮೇಲೆ ಕೈ.
“ಹೆಂಗಿದೆಯಪ್ಪ ನನ್ನ ಹಾಸಿಗೆ?”
ಎದ್ದು ನಿಂತೆ. ದಿಂಬಿನ ಮೇಲೆ ಗ್ರೀಸಿನ ಗುರುತು,
ನನ್ನ ಕಿವಿಯಷ್ಟೇ ಗಾತ್ರ.
“ಇರಲಿ ಬಿಡು. ನಟ್ಟುಗಳೆಲ್ಲ ಬಿಗಿಯಾಗಿವೆಯಾ?”
ಆಗಿವೆ ಮೇಡಂ, ಅಂದವನು
ಇಪ್ಪತ್ತನಾಲ್ಕರ ಸ್ಪ್ಯಾನರು ಹಿಡಿದು
ಮತ್ತೆ ಕೆಳಗೆ ತೂರಿದೆ.