ಅಚ್ಚೇರು

ಆಲೂರಿನ ಮಾಜಿ ಸೈನಿಕರ ಸಂಘಕ್ಕೆ ಇರುವುದೊಂದೇ ಮೇಜು,
ಅದು ಕೇರಂ ಬೋರ್ಡು.
ಮಂಗಳವಾರ ಹತ್ತೂವರೆಗೆ ಅದರ ಮೇಲೆ ನನ್ನ ನಮೂನೆಗಳು.
ಇಪ್ಪತ್ತು ಪ್ರಶ್ನೆ. ಉತ್ತರ ಸೊನ್ನೆಯಿಂದ ನಾಲ್ಕು.
ಹಾಳೆಯ ಬೆನ್ನಿಗೆ ಬೋರಿಕ್ ಪುಡಿ ಅಂಟಿಕೊಂಡು
ಹಾಸನದ ಆಫೀಸಿನವರೆಗೂ ಬರುತ್ತದೆ.

"ಪಿಎಚ್.ಡಿ. ಮುಗ್ದದೆ ಅಂತೀರಿ, ಇನ್ನೂ ಟ್ರೈನಿಂಗಾ?"
ಹೂವಣ್ಣನವರ ಹೆಂಡತಿ ಪುಟ್ಟತಾಯಿ ಆಡಿದ ಮೊದಲ ಮಾತು.
"ಡಾಕ್ಟ್ರು ಅಂತೀರಿ, ಒಂದ್ ಸೂಜಿನೂ ಇಲ್ಲ."
ಆಮೇಲೆ ಹೊರಗೆ ಜಗಲಿಯಲ್ಲಿ ಕೂತರು
ಬ್ಯಾಗು ಮಡಿಲಲ್ಲಿಟ್ಟು, ಬಸ್ಸು ಕಾಯುವವರ ಹಾಗೆ.

ಮೊದಲ ಪ್ರಶ್ನೆ ನಾನೇ ಕನ್ನಡಿಸಿದ್ದು:
'ಆಘಾತಕಾರಿ ಘಟನೆಯ ಅನೈಚ್ಛಿಕ ಸ್ಮರಣೆಯು
ತಮ್ಮನ್ನು ಎಷ್ಟರ ಮಟ್ಟಿಗೆ ಬಾಧಿಸಿದೆ?'
ಹವಾಲ್ದಾರ್ ಹೂವಣ್ಣ ಮಂತ್ರ ಮುಗಿಯಲೆಂದು ಕಾಯುವವರಂತೆ
ಕಣ್ಣು ಮುಚ್ಚಿ ಕೈಮುಗಿದರು.
ಮತ್ತೆ ಕೇಳಿದೆ: "ಬ್ಯಾಡ ಅಂದ್ರೂ ನೆಪ್ಪಿಗೆ ಬತ್ತದಾ?"
"ಬತ್ತದೆ."
"ಎಷ್ಟು?"
"ದಿನಾ ಒಂದ್ ಪಾವು. ಪಟಾಕಿ ಹೊಡೆದ್ರೆ ಬಳ್ಳ."

ಆ ವಾರವೇ ಪೆನ್ಸಿಲಿನಲ್ಲಿ ತಿದ್ದಿದೆ:
ಒಂದಕ್ಕೆ ಚಟಾಕು, ಎರಡಕ್ಕೆ ಪಾವು,
ಮೂರಕ್ಕೆ ಅಚ್ಚೇರು, ನಾಲ್ಕಕ್ಕೆ ಸೇರು.
ಬಳ್ಳಕ್ಕೆ ಅಂಕಿ ಇರಲಿಲ್ಲ.
ಕುಸುಮಾಕ್ಷಿ ಮೇಡಂ ವಿಡಿಯೊದಲ್ಲಿ ಕನ್ನಡಕ ಏರಿಸಿ
"ಇದಕ್ಕೆ ಪುರಾವೆ ಎಲ್ಲಿದೆ?" ಅಂದರು.
ಸ್ವಲ್ಪ ಹೊತ್ತಿನ ಮೇಲೆ, "ಇರಲಿ ಬಿಡು."

ಪಟಾಕಿ ಹಬ್ಬದ್ದಲ್ಲ.
ಆನೆ ಗದ್ದೆಗಿಳಿದ ರಾತ್ರಿ ಅರಣ್ಯ ಇಲಾಖೆಯ ಹುಡುಗರು ಹೊಡೆಯುವುದು.
ಊರೆಲ್ಲ ಆನೆಗೆ ಹೆದರುತ್ತದೆ.
"ಆನೆ ಏನ್ ಮಾಡ್ತದೆ, ತಿಂದ್ಕಂಡ್ ಹೋಯ್ತದೆ ಪಾಪ,"
ಅನ್ನುವ ಇವರು
ಸದ್ದಾದದ್ದೇ ಅಡ್ಡಬಿದ್ದು, ಮೊಣಕೈಯಲ್ಲಿ ತೆವಳಿ
ಒರಳಿನ ಮರೆಗೆ ಹೋಗಿ
ಕಾಣದ ಹಗ್ಗವೊಂದನ್ನು ಎಳೆಯುತ್ತಲೇ ಇರುತ್ತಾರೆ.

ಹಗ್ಗದ ಆ ತುದಿಯಲ್ಲಿ ಏನಿತ್ತು ಎಂಬುದಕ್ಕೆ
ಹನ್ನೊಂದು ಮಂಗಳವಾರ ಬೇಕಾದವು.
ಹೇಸರಗತ್ತೆ. ಗೊರಸಿನ ಮೇಲೆ ನಂಬರು, ನಾನೂರ ಹದಿನೇಳು.
ಬೆನ್ನ ಮೇಲೆ ಸೀಮೆಎಣ್ಣೆ.
ಅದರ ಹಿಂದೆ ಬರುತ್ತಿದ್ದ ಹುಡುಗ, ಇನ್ನೂ ಮೀಸೆ ಮೂಡದವನು...
ಅಷ್ಟಕ್ಕೆ ನಿಲ್ಲಿಸಿ, ಸ್ಟ್ರೈಕರ್ ಎತ್ತಿಕೊಂಡು
ಕಪ್ಪು ಕಾಯಿಯೊಂದನ್ನು ಮೂಲೆಗೆ ಹೊಡೆದರು.
ನಾನು ಸುಮ್ಮನಿದ್ದೆ. ಓದಿದ್ದು ನೆನಪಾಗಿ ಅಲ್ಲ,
ಹೇಳಲು ನನ್ನಲ್ಲಿ ಏನೂ ಇರಲಿಲ್ಲ.
ಕಾಯಿ ಗುಳಿಗೆ ಬೀಳದೆ ಅಂಚಿನಲ್ಲೇ ನಿಂತಿತು.
"ನಿಮ್ದು ಆಟ," ಅಂದರು.

ಕೊನೆಗೆ ನಾನು ಮಾಡಿದ್ದು ಇಷ್ಟು:
ವಾಚರ್ ಧರ್ಮಯ್ಯನ ನಂಬರು ಹುಡುಕಿದೆ.
ಕಡ್ಡಿ ಗೀರುವ ಮುಂಚೆ ಹೂವಣ್ಣನವರಿಗೊಂದು ಮಿಸ್ಡ್ ಕಾಲ್, ಎರಡೇ ರಿಂಗು.
ನಮೂನೆಯ 'ಚಿಕಿತ್ಸೆ' ಕಾಲಮ್ಮಿನಲ್ಲಿ ಅದನ್ನೇ ಬರೆದೆ.
ಒಂದು ರಾತ್ರಿ ಕರೆನ್ಸಿ ಮುಗಿದು
ಧರ್ಮಯ್ಯ ಏರಿಯ ಮೇಲಿಂದ ಕೂಗಿ ಹೇಳಿದನಂತೆ,
ಆನೆ ಆ ಕೂಗಿಗೇ ಬೇಜಾರಾಗಿ ಹೊರಟುಹೋಯಿತಂತೆ.
ಇದನ್ನು ಹೇಳುವಾಗ ಹೂವಣ್ಣ ನಕ್ಕರು. ಹಲ್ಲು ಎರಡಿಲ್ಲ, ಅವತ್ತೇ ಕಂಡದ್ದು.
"ಈಗ ಪಟಾಕಿಗೆ ಎಷ್ಟು?"
ಗಾಳಿಯಲ್ಲಿ ಒಂದು ಮಾನ ಹಿಡಿದು
ಅಂಗೈಯಿಂದ ಸಮಕ್ಕೆ ಸವರಿ, ಉದುರಿದ್ದನ್ನು ನೋಡಿ,
"ಅಚ್ಚೇರು."

ಡಿಸೆಂಬರಿನಲ್ಲಿ ಪುಟ್ಟತಾಯಿಯವರನ್ನು ಒಳಗೆ ಕರೆದೆ.
ರಾತ್ರಿ ಬೆಚ್ಚಿದಾಗ ಹೇಗೆ ಎಬ್ಬಿಸ್ತೀರಿ?
"ಮುಟ್ಟಕ್ಕಿಲ್ಲ. ರಜದಾಗೆ ಬಂದಾಗ ಒಂದ್ಸಲ ಮುಟ್ಟಿದ್ದೆ," ಎಂದು
ದವಡೆ ತಡವಿಕೊಂಡರು.
"ಬಾಗ್ಲಾಗೆ ನಿಂತ್ಕಂಡು ಹೇಳ್ತೀನಿ.
ಇವತ್ತು ಸೋಮವಾರ. ರಾತ್ರಿಗೆ ಉಪ್ಸಾರು ಉಂಡ್ರಿ.
ಕೆಂದಿ ಕರ ಹಾಕಿ ಒಂಬತ್ ದಿನ.
ನಾಳೆ ಭತ್ತ ಕುಯ್ಯಕ್ಕೆ ಆಳು ಬತ್ತಾರೆ.
ಅಷ್ಟೊತ್ತಿಗೆ ಉಸ್ರು ತಿರುಗ್ತದೆ."
ಯಾರು ಕಲಿಸಿದ್ರು?
"ಕಲ್ಸೋರ್ಯಾರು. ಇಪ್ಪತ್ತೆರಡು ವರ್ಷ ಆಯ್ತು."

ಮೇಡಂ ಕೊಟ್ಟ ಪುಸ್ತಕದಲ್ಲಿ ಇದು ಏಳನೇ ಅಧ್ಯಾಯ.
ನಾನಿನ್ನೂ ಐದರಲ್ಲಿದ್ದೆ.
ಪೆನ್ನು ತೆಗೆದು ಕೇಳಿದೆ:
ಇನ್ನೊಂದ್ಸಲ ಹೇಳಿ ಅಮ್ಮ, ನಿಧಾನಕ್ಕೆ,
ಉಪ್ಸಾರಿನಿಂದ.