ಎಡತಿರುಪು

ಕಟಿಂಗು ನಾಲ್ಕೇ ನಿಮಿಷ.
ಸೆಟ್ಟಿಂಗಿಗೆ ಅರ್ಧ ಪಾಳಿ:
ಚಕ್ಕಿನ ಹಲ್ಲು ಬಿಗಿದು, ಡಯಲಿನ ಮುಳ್ಳು ಕೂರಿಸಿ,
ಕೂದಲೆಳೆಯಷ್ಟು ಓಲಾಡಿದರೂ
ಮತ್ತೆ ಸಡಿಲಿಸಿ, ಮತ್ತೆ ಬಿಗಿದು.
ಭೋಸರಿಯ ಶೆಡ್ಡಿನಲ್ಲಿ ಹದಿಮೂರು ವರ್ಷ ಇದೇ ನನ್ನ ಕೆಲಸ.
ಹೆಂಗಸು ಸೆಟ್ಟರ್ ಅಂತೆ ಎಂದು
ನೋಡಲು ಬಂದವರೂ ಇದ್ದರು ಮೊದಮೊದಲು.

ಹಾಗಾಗಿ ಲ್ಯಾಪ್‌ಟಾಪು ಹನ್ನೊಂದು ರಾತ್ರಿ ಸತಾಯಿಸಿದಾಗ
ಅಂಥ ಆಶ್ಚರ್ಯವೇನೂ ಆಗಲಿಲ್ಲ.
ಸಿಟ್ಟು ಬಂತು, ಅದು ಬೇರೆ.

ಶುರುವಾದದ್ದು ಸೈಕಲ್ಲಿನ ಎಡಗಾಲ ಪೆಡಲಿನಿಂದ.
ಅದರ ತಿರುಪು ಉಲ್ಟಾ, ಗೊತ್ತಲ್ಲ;
ಇಲ್ಲದಿದ್ದರೆ ತುಳಿದಂತೆಲ್ಲ ಸಡಿಲಾಗಿ
ನಡುದಾರಿಯಲ್ಲಿ ಕಳಚಿ ಬೀಳುತ್ತದೆ.
ಪರದೆಯ ಮೇಲೆ ಮೊದಲು ಓಡಿಸಿ ನೋಡುವ ಪ್ರೋಗ್ರಾಮು,
ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಪುಕ್ಕಟೆ ಬಿಟ್ಟದ್ದು,
ಎಡತಿರುಪನ್ನೂ ಬಲಕ್ಕೇ ಸುತ್ತಿ ತೋರಿಸಿತು.
ಎಲ್ಲ ಸರಿ ಎಂದಿತು, ಹಸಿರು ಗೆರೆ.
ಮಷೀನಿನಲ್ಲಿ ಟೂಲು ಹೋಗಿ ಚಕ್ಕಿಗೆ ಬಡಿಯಿತು.
ಆ ಸದ್ದಿಗೆ ಪಕ್ಕದ ಶೆಡ್ಡಿನ ನಾಯಿ ಎದ್ದು ಹೋಯಿತು.
ಪೋಖರಕರ್ ಶೇಟ್ ಏನೂ ಅನ್ನಲಿಲ್ಲ,
ಪಗಾರದಲ್ಲಿ ಎರಡು ಸಾವಿರದ ಮುನ್ನೂರು ಹಿಡಿದರು.

"ನೀನೇ ತಿದ್ದು, ಅಕ್ಕಾ" ಅಂದ ಅಕ್ಕಲಕೋಟದ ತೌಫಿಕ್.
"ಹೊಟ್ಟಿ ಬಿಚ್ಚಿ ಇಟ್ಟಾರ, ಯಾರ ಬೇಕಾದ್ರೂ ಕೈ ಹಾಕಬಹುದು."

ಜುನಾ ಬಜಾರಿನಲ್ಲಿ ಬುಧವಾರ ಕೊಂಡ ಲ್ಯಾಪ್‌ಟಾಪು.
'ಎಚ್' ಕೀಲಿ ಇಲ್ಲ, ಆ ತೂತಿಗೆ ಬೆಂಕಿಕಡ್ಡಿ ಇಟ್ಟು ಒತ್ತಬೇಕು.
ಫೋನಿನ ಡೇಟಾ ದಿನಕ್ಕೆ ಒಂದೂವರೆ ಜೀಬಿ:
ಮುಗಿದರೆ ನಡುರಾತ್ರಿಯ ತನಕ ಕೂತಿದ್ದು,
ಹನ್ನೆರಡು ಹೊಡೆದೊಡನೆ ಮತ್ತೆ ಇಳಿಸುವುದು,
ರೇಷನ್ ಅಂಗಡಿಯ ಸರತಿ.

ಮಾಡುವ ಬಗೆಯನ್ನು ಒಂದು ಹಾಳೆಯಲ್ಲಿ ಬರೆದಿದ್ದರು,
ದಾರಿ ಬಲ್ಲವರು ಬರೆದದ್ದು,
ತಿರುವುಗಳೇ ಇರಲಿಲ್ಲ ಅದರಲ್ಲಿ.
ಮೂರನೆಯ ಸಾಲು: ಈಗ ಕಟ್ಟಿರಿ.
ಕಟ್ಟಲು ಹೋದರೆ ಒಂದು ಲೈಬ್ರರಿ ಇಲ್ಲ.
ತಂದರೆ ಅದಕ್ಕೆ ಇನ್ನೊಂದು ಬೇಕು,
ಆ ಇನ್ನೊಂದಕ್ಕೆ ಹಳೆಯದೇ ಆಗಬೇಕು, ನನ್ನಲ್ಲಿರುವುದು ಹೊಸದು.
ಬೀಗರ ಪಂಕ್ತಿ: ಒಬ್ಬರನ್ನು ಕೂರಿಸಿದರೆ
ಇನ್ನೊಬ್ಬರು ಮುನಿಸಿಕೊಂಡು ಏಳುವರು.
ಕೆಂಪಕ್ಷರದಲ್ಲಿ ನೂರಿಪ್ಪತ್ತು ಸಾಲು.
ಮೊದಲನೆಯದಷ್ಟೇ ಓದು, ಉಳಿದದ್ದೆಲ್ಲ ಅದರ ಅಳು,
ಎಂದು ತೌಫಿಕ್ ಹೇಳಿಕೊಟ್ಟ.

ಗುರುವಾರ ಭೋಸರಿಯಲ್ಲಿ ಕರೆಂಟಿಗೆ ರಜೆ.
ಆಸ್ಪತ್ರೆಯ ಬೆಂಚಿನ ಹಿಂದೆ ಜನರೇಟರಿನ ಪ್ಲಗ್ಗು ಸಿಕ್ಕಿತು.
"ಪೇಶಂಟ್ ಕೋಣ್?" ಕೇಳಿದಳು ನರ್ಸ್.
ಮಡಿಲಲ್ಲಿದ್ದದ್ದನ್ನು ತೋರಿಸಿದೆ.
ನಕ್ಕಳು, ಎಬ್ಬಿಸಲಿಲ್ಲ.

ಹತ್ತನೆಯ ರಾತ್ರಿ ಅದು ಕೇಳಿತು: ನೀನು ಯಾರು?
ಹೆಸರಿಲ್ಲದವರ ತಿದ್ದುಪಡಿ ಇಟ್ಟುಕೊಳ್ಳಲಾರೆ.
ಹಾಜರಿ ಪುಸ್ತಕದಲ್ಲಿ ನಾನು 'ಬಿ. ಬಡಗಿರೆ'.
ಪಗಾರು ಬರುತ್ತದಲ್ಲ, ಸರಿಮಾಡಿಸಲು ಹೋಗಿಲ್ಲ.
ಇಲ್ಲಿ ಮಾತ್ರ ನಿಧಾನಕ್ಕೆ, ಕನ್ನಡದಲ್ಲೇ, ಒತ್ತಿದೆ:
ಭಾಗೀರಥಿ ಬಡಿಗೇರ.
ಭ-ಕ್ಕೆ ಬೆಂಕಿಕಡ್ಡಿ ಬೇಕಾಯಿತು, ಥ-ಕ್ಕೂ.
ಅದು ತಕರಾರು ಮಾಡಲಿಲ್ಲ.

ಮರುರಾತ್ರಿ ಎರಡೂ ಹತ್ತಕ್ಕೆ ಎಲ್ಲ ಕೂಡಿ ನಿಂತಿತು.
ನನ್ನ ಮಡಿಲಲ್ಲಿ ಅದೇ ಪ್ರೋಗ್ರಾಮು,
ಅದೇ ಹಸಿರು ಗೆರೆ ಬಲಕ್ಕೇ ಸುತ್ತುತ್ತ.
ಇಷ್ಟೆಲ್ಲ ಒದ್ದಾಡಿ ನಾನು ಗಳಿಸಿದ್ದು
ಅವರ ತಪ್ಪನ್ನೇ, ನನ್ನ ಮನೆಯಲ್ಲಿ, ನನ್ನ ಕೈಗೆ ಸಿಗುವ ಹಾಗೆ.
ಸುಮ್ಮನೆ ನೋಡುತ್ತ ಕೂತೆ ಸ್ವಲ್ಪ ಹೊತ್ತು.

ಆಮೇಲೆ ಜಾಗ ಹುಡುಕಿ ಒಂದು ಮೈನಸ್ ಹಾಕಿದೆ.
ನಾಲ್ಕಲ್ಲ, ಏಳು ನಿಮಿಷ.

ಜೊತೆಗೆ ಆ ಹಾಳೆಯ ಮೂರನೆಯ ಸಾಲಿಗಿಂತ ಮುಂಚೆ
ಒಂದು ಸಾಲು ಸೇರಿಸಿ ಕಳಿಸಿದೆ:
ಹಳೆಯದು ಯಾವುದು, ಎಲ್ಲಿ ಸಿಗುತ್ತದೆ.

ಇಲ್ಜೆ ಎಂಬಾಕೆ, ಎಲ್ಲಿಯವಳೋ, ಉತ್ತರ ಬರೆದಿದ್ದಾಳೆ.
ಹಾಳೆಯ ಸಾಲನ್ನು ಒಪ್ಪಿಕೊಂಡಿದ್ದಾರೆ.
ಮೈನಸ್ ಇನ್ನೂ ಹೊಸ್ತಿಲಾಚೆ ನಿಂತಿದೆ;
ಇಂಚಿನ ತಿರುಪಿಗೂ ಹಾಕಿ ನೋಡಿದಿರಾ, ಎಂದು ಕೇಳಿದ್ದಾಳೆ.

ನೋಡಿರಲಿಲ್ಲ.
ಇವತ್ತು ಎರಡನೆಯ ಪಾಳಿ, ಬಿಡುವಾಗುವುದು ಹನ್ನೊಂದಕ್ಕೆ.
ಹೊಸ ಬೆಂಕಿಪೊಟ್ಟಣ ತೆಗೆದುಕೊಂಡಿದ್ದೇನೆ.